ಗಂಡ ಬೆಂಗಳೂರಲ್ಲಿ ಡೈವೋರ್ಸ್ ಕೇಸ್ ಹಾಕಿದ್ದಾರೆ, ವಕೀಲರಿಗೆ ಕೊಡಲು ದುಡ್ಡಿಲ್ಲ. ಏನು ಮಾಡಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. 2017ರಲ್ಲಿ ಮದುವೆ ಆಯಿತು. ಗಂಡ ಬೆಂಗಳೂರಲ್ಲಿ ಕಂಪನಿ ಕೆಲಸದಲ್ಲಿದ್ದಾರೆ. ಆರು ವರ್ಷದ ಮಗಳಿದ್ದಾಳೆ. ಜಗಳ ಜಾಸ್ತಿಯಾಗಿ, ಎರಡು ಸಲ ಕೈಯೂ ಮಾಡಿ, ಹತ್ತು ತಿಂಗಳ ಹಿಂದೆ ನನ್ನನ್ನು ತವರಿಗೆ ಕಳಿಸಿಬಿಟ್ಟರು. ಆಮೇಲೆ ಒಂದು ರೂಪಾಯಿ ಕಳಿಸಿಲ್ಲ. ಈಗ ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಿಂದ ಸಮನ್ಸ್ ಬಂದಿದೆ. ನಾನೇ ಮನೆ ಬಿಟ್ಟು ಹೋದೆ, ಹಿಂಸೆ ಕೊಟ್ಟೆ ಅಂತ ಬರೆದು ಡೈವೋರ್ಸ್ ಕೇಳಿದ್ದಾರೆ. ಅಪ್ಪ 'ತಗೋಬೇಡ' ಅಂದರು, ನಾನು ಸಹಿ ಹಾಕಿ ತಗೊಂಡೆ. ಬೆಂಗಳೂರಿನ ವಕೀಲರು ಹೇಳಿದ ಫೀಸು ನಮ್ಮ ಕೈಗೆ ಎಟುಕುವಂಥದ್ದಲ್ಲ. ಅಪ್ಪನಿಗೆ ಎರಡು ಎಕರೆ ತೆಂಗಿನ ತೋಟ ಇದೆ, ಹಾಗಾಗಿ ಉಚಿತ ವಕೀಲರು ಸಿಗಲ್ಲ ಅಂತಾರೆ. ನಿಜವಾ? ನಾನು ಬ್ಲೌಸ್ ಹೊಲಿದು ತಿಂಗಳಿಗೆ ಮೂರು ನಾಲ್ಕು ಸಾವಿರ ದುಡಿಯುತ್ತೇನೆ. ಊರ ಹಿರಿಯರು 'ಐದು ಲಕ್ಷ ಕೊಡಿಸ್ತೀವಿ, ಬಾಂಡ್ ಪೇಪರ್ ಮೇಲೆ ಸಹಿ ಹಾಕಿ ಮುಗಿಸು' ಅಂತಿದ್ದಾರೆ. ಇನ್ನೊಬ್ಬರು 'ವರದಕ್ಷಿಣೆ ಕೇಸ್ ಜಡಿ, ತಾನಾಗೇ ದಾರಿಗೆ ಬರ್ತಾನೆ' ಅಂತಾರೆ. ಒಡವೆ ಎಲ್ಲ ಅತ್ತೆ ಹತ್ತಿರ ಇದೆ. ಮಗಳನ್ನು ಕಿತ್ತುಕೊಂಡುಬಿಡ್ತಾರಾ ಅನ್ನೋದೇ ದೊಡ್ಡ ಭಯ.

ಉತ್ತರ: ಸಮನ್ಸ್ ತಗೊಂಡಿದ್ದು ಒಳ್ಳೆಯದಾಯಿತು. 'ತಗೊಳ್ಳದಿದ್ದರೆ ಕೇಸೇ ನಡೆಯಲ್ಲ' ಅಂತ ನಂಬಿ, ಕೋರ್ಟಿನಿಂದ ಸಮನ್ಸ್ ತರುವ ಅಮೀನರನ್ನು ಬಾಗಿಲಿಂದಲೇ ವಾಪಸ್ ಕಳಿಸುವವರು ಬಹಳ ಜನ. ಹಾಗೆ ನಿರಾಕರಿಸಿದರೆ ಕೋರ್ಟ್ ಅದನ್ನು ಜಾರಿಯಾಯಿತು ಅಂತಲೇ ಹಿಡಿಯುತ್ತದೆ. ಆಮೇಲೆ ನೀವು ಹೋಗದಿದ್ದರೆ ಎಕ್ಸ್‌ಪಾರ್ಟಿ ಮಾಡಿ, ಗಂಡನ ಮಾತೊಂದನ್ನೇ ಕೇಳಿ ಡೈವೋರ್ಸ್ ಕೊಟ್ಟುಬಿಡಬಹುದು. ಅದನ್ನು ರದ್ದು ಮಾಡಿಸೋದು ಮೊದಲೇ ಹಾಜರಾಗುವುದಕ್ಕಿಂತ ಎಷ್ಟೋ ಕಷ್ಟ.

ಸಮನ್ಸಿನ ಜೊತೆ ಗಂಡನ ಅರ್ಜಿಯ ಪ್ರತಿ ಇರಬೇಕು. ಅದರ ಮೇಲೆ 'ಎಂ.ಸಿ.' ಅಂತ ಒಂದು ನಂಬರ್, ಮುಂದಿನ ವಾಯಿದೆ, ಯಾವ ಕೋರ್ಟ್ ಹಾಲ್ ಅಂತ ಬರೆದಿರುತ್ತಾರೆ. ಮೂರನ್ನೂ ಫೋನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆಪ್‌ನಲ್ಲಿ ಆ ನಂಬರ್ ಹಾಕಿದರೆ ಕೇಸ್ ಎಲ್ಲಿಗೆ ಬಂತು ಅಂತ ಮನೆಯಲ್ಲೇ ಕೂತು ನೋಡಬಹುದು.

ಅರ್ಜಿಯಲ್ಲಿ ಬರೆದಿದ್ದನ್ನು ಓದಿ ಗಾಬರಿಯಾಗಬೇಡಿ. ಬಿಟ್ಟು ಹೋದಳು ಅನ್ನುವ ಕಾರಣದ ಮೇಲೆ ಡೈವೋರ್ಸ್ ಬೇಕಾದರೆ, ಅರ್ಜಿ ಹಾಕುವ ಹೊತ್ತಿಗೆ ಬಿಟ್ಟು ಹೋಗಿ ಕನಿಷ್ಠ ಎರಡು ವರ್ಷ ಆಗಿರಬೇಕು. ಹತ್ತು ತಿಂಗಳಿಗೆ ಅದು ನಿಲ್ಲಲ್ಲ. ಇನ್ನು ಉಳಿದಿದ್ದು ಹಿಂಸೆ, ಅಂದರೆ ಕ್ರೌರ್ಯ. ಅದನ್ನು ಅವರು ಸಾಕ್ಷಿ ಇಟ್ಟು ಸಾಬೀತು ಮಾಡಬೇಕು. ಅದು ಒಂದೆರಡು ವಾಯಿದೆಯಲ್ಲಿ ಮುಗಿಯುವ ಕೆಲಸ ಅಲ್ಲ.

ಈಗ ವಕೀಲರ ವಿಚಾರ. ಅಪ್ಪನ ತೋಟಕ್ಕೂ ನಿಮ್ಮ ಉಚಿತ ವಕೀಲರಿಗೂ ಯಾವ ಸಂಬಂಧವೂ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ತೋಟ ಎರಡು ಎಕರೆ ಇರಲಿ, ಇಪ್ಪತ್ತು ಎಕರೆ ಇರಲಿ, ಹೆಣ್ಣು ಅನ್ನುವುದೇ ಅರ್ಹತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೂ ಹಾಗೇ. ಆದಾಯದ ಮಿತಿ ನೋಡುವುದು ಈ ಗುಂಪುಗಳಿಗೆ ಸೇರದವರಿಗೆ. ಈ ಪುಟ ಓದುವ ಗಂಡಸರು, ನಿಮ್ಮ ಆದಾಯ ಕಡಿಮೆಯಿದ್ದರೆ ನೀವೂ ಕೇಳಬಹುದು. ನಾಚಿಕೆ ಪಡುವಂಥದ್ದೇನಿಲ್ಲ.

ಅರಸೀಕೆರೆ ಕೋರ್ಟಿಗೆ ಹೋಗಿ 'ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ' ಅಂತ ಕೇಳಿ. ಹಾಸನದ ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಪ್ರಾಧಿಕಾರದ ಕಚೇರಿ ಇದೆ, ಅದರ ಸದಸ್ಯ ಕಾರ್ಯದರ್ಶಿ ಒಬ್ಬರು ನ್ಯಾಯಾಧೀಶರೇ. ಒಂದು ಅರ್ಜಿ ಫಾರಂ ಕೊಡುತ್ತಾರೆ. ಅದಕ್ಕೆ ಆಧಾರ್ ಜೆರಾಕ್ಸ್, ಸಮನ್ಸ್ ಮತ್ತು ಗಂಡನ ಅರ್ಜಿಯ ಜೆರಾಕ್ಸ್ ಲಗತ್ತಿಸಿ. ಕೇಸು ಬೆಂಗಳೂರಲ್ಲಿ ಇದ್ದರೂ ಅರ್ಜಿ ಇಲ್ಲೇ ಕೊಡಬಹುದು, ಅವರು ಅಲ್ಲಿಯ ಪ್ರಾಧಿಕಾರಕ್ಕೆ ಕಳಿಸುತ್ತಾರೆ. ದಾರಿ ಗೊತ್ತಾಗದಿದ್ದರೆ 15100ಕ್ಕೆ ಫೋನ್ ಮಾಡಿ, ಇದು ದೇಶಕ್ಕೆಲ್ಲ ಒಂದೇ ಕಾನೂನು ನೆರವಿನ ಸಹಾಯವಾಣಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಮಾತ್ರ ಮರೆಯದೆ ತಗೊಳ್ಳಿ.

'ಫ್ರೀ ವಕೀಲರು ಸರಿಯಾಗಿ ನಡೆಸ್ತಾರಾ?' ಇದು ನೀವು ಬರೆದಿಲ್ಲ, ಆದರೆ ಮನಸ್ಸಲ್ಲಿ ಇದ್ದೇ ಇರುತ್ತದೆ. ನಿಜ ಹೇಳಬೇಕೆಂದರೆ ಎಲ್ಲ ಥರದವರೂ ಇದ್ದಾರೆ. ಫೀಸು ಕೊಟ್ಟು ಇಟ್ಟುಕೊಂಡ ವಕೀಲರಲ್ಲೂ ಎಲ್ಲ ಥರದವರೂ ಇದ್ದಾರೆ. ವ್ಯತ್ಯಾಸ ಇಷ್ಟೇ: ಪ್ಯಾನಲ್ ವಕೀಲರ, ಅಂದರೆ ಪ್ರಾಧಿಕಾರ ನೇಮಿಸಿಕೊಡುವ ವಕೀಲರ, ಫೀಸನ್ನು ಪ್ರಾಧಿಕಾರವೇ ಕೊಡುತ್ತದೆ. ಟೈಪಿಂಗ್, ಕೋರ್ಟ್ ಫೀ, ಸರ್ಟಿಫೈಡ್ ಕಾಪಿ, ಇವೂ ನೆರವಿನೊಳಗೇ ಬರುತ್ತವೆ. ಯಾರಾದರೂ 'ಸ್ವಲ್ಪ ಖರ್ಚಿಗೆ ಕೊಡಿ' ಅಂದರೆ ಕಾರ್ಯದರ್ಶಿಗೆ ಬರೆದು ತಿಳಿಸಿ. ವಾಯಿದೆಗೆ ಬರುವುದೇ ಇಲ್ಲ, ಫೋನ್ ಎತ್ತುವುದಿಲ್ಲ ಅಂದರೆ ಬದಲಾಯಿಸಿ ಕೊಡಿ ಅಂತ ಕೇಳಬಹುದು. ಕೇಸು ಹೇಗೆ ನಡೀತಿದೆ ಅಂತ ನೋಡಲು ಪ್ರಾಧಿಕಾರದಲ್ಲಿ ನಿಗಾ ಸಮಿತಿಯೂ ಇರುತ್ತದೆ.

ಒಳ್ಳೆಯ ವಕೀಲರಾದರೂ ನೀವು ಕೊಟ್ಟಷ್ಟನ್ನೇ ಬರೆಯಲು ಸಾಧ್ಯ. ಮೊದಲ ಭೇಟಿಗೆ ಹೋಗುವ ಮುಂಚೆ ಒಂದು ನೋಟ್ ಪುಸ್ತಕದಲ್ಲಿ ತಾರೀಖು ಸಮೇತ ಬರೆದುಕೊಂಡು ಹೋಗಿ: ಮದುವೆ ಎಲ್ಲಿ ಆಯಿತು, ಯಾವ್ಯಾವ ಮನೆಯಲ್ಲಿ ಇದ್ದಿರಿ, ಹೊಡೆದದ್ದು ಯಾವಾಗ, ಆಗ ಯಾರಿಗೆ ಹೇಳಿದಿರಿ, ಆಸ್ಪತ್ರೆಗೆ ಹೋಗಿದ್ದಿರಾ, ತವರಿಗೆ ಬಂದ ದಿನ ಯಾರು ಕರೆತಂದರು. ನಿಮಗೆ ಅನುಕೂಲವಾಗದ ವಿಷಯವನ್ನೂ ಬರೆಯಿರಿ. ಅದು ಎದುರಿನ ವಕೀಲರ ಬಾಯಿಂದ ಪಾಟೀಸವಾಲಿನಲ್ಲಿ ಬರುವುದಕ್ಕಿಂತ ನಿಮ್ಮ ವಕೀಲರಿಗೆ ಮೊದಲೇ ಗೊತ್ತಿರೋದು ಮೇಲು. ವಕಾಲತ್ತಿಗೆ, ಅಂದರೆ ನಿಮ್ಮ ಪರ ಕೇಸ್ ನಡೆಸಲು ವಕೀಲರಿಗೆ ಕೊಡುವ ಒಪ್ಪಿಗೆ ಪತ್ರಕ್ಕೆ, ಸಹಿ ಹಾಕಿ, ಖಾಲಿ ಹಾಳೆಗೆ ಮಾತ್ರ ಯಾರಿಗೂ ಸಹಿ ಹಾಕಬೇಡಿ.

ಒಂದು ವೇಳೆ ಖಾಸಗಿ ವಕೀಲರನ್ನೇ ಇಡುವುದಾದರೆ ಪೂರ್ತಿ ಕೇಸಿಗೆ ಎಷ್ಟು, ಕಂತು ಎಷ್ಟು ಅಂತ ಬರೆಸಿಕೊಳ್ಳಿ. 'ಬಂದ ಜೀವನಾಂಶದಲ್ಲಿ ಇಷ್ಟು ಪರ್ಸೆಂಟ್ ನನಗೆ' ಅನ್ನುವ ಮಾತುಕತೆಗೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವೇ ಇಲ್ಲ. ಮಧ್ಯದಲ್ಲಿ ವಕೀಲರನ್ನು ಬದಲಾಯಿಸಿದರೆ, ಫೀಸು ಬಾಕಿಯಿದೆ ಅಂತ ನಿಮ್ಮ ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಹೇಳಿದೆ.

ನಿಮ್ಮ ಪತ್ರ ಓದುವಾಗ ನನಗೆ ಕಣ್ಣಿಗೆ ಹೊಡೆದದ್ದು ಬೇರೆ. ಗಂಡ, ಅಪ್ಪ, ಊರ ಹಿರಿಯರು, ಎಲ್ಲರೂ ಡೈವೋರ್ಸ್ ಬಗ್ಗೆಯೇ ಮಾತಾಡುತ್ತಿದ್ದಾರೆ. ಹತ್ತು ತಿಂಗಳಿಂದ ನಿಮ್ಮ ಮತ್ತು ಮಗುವಿನ ಖರ್ಚು ಹೇಗೆ ನಡೀತಿದೆ ಅಂತ ಒಬ್ಬರೂ ಕೇಳಿದ ಹಾಗಿಲ್ಲ. ನನ್ನ ಪ್ರಕಾರ ನಿಮ್ಮ ಕಡೆಯ ಮೊದಲ ಅರ್ಜಿ ಜೀವನಾಂಶದ್ದು. ಡೈವೋರ್ಸ್ ಒಪ್ಪುವುದೋ ಬಿಡುವುದೋ ನಿಧಾನಕ್ಕೆ ಯೋಚನೆ ಮಾಡಿ. ಕೈಯಲ್ಲಿ ತಿಂಗಳ ದುಡ್ಡು ಇಲ್ಲದೆ ಆ ತೀರ್ಮಾನಕ್ಕೆ ಕೂತರೆ, ಬೇರೆಯವರು ಹೇಳಿದ ಮೊತ್ತಕ್ಕೆ ಹೂಂ ಅನ್ನಬೇಕಾಗುತ್ತದೆ.

ಹಳಬರು 'ಒನ್ ಟ್ವೆಂಟಿಫೈವ್ ಕೇಸ್' ಅನ್ನುತ್ತಾರಲ್ಲ, ಅದೇ ಇದು. 2024ರ ಜುಲೈ 1ರಿಂದ ಅದು ಹೊಸ ಕಾನೂನಿನ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್), 144ನೇ ಸೆಕ್ಷನ್. ಇದನ್ನು ಹಾಕಲು ಬೆಂಗಳೂರಿಗೆ ಹೋಗಬೇಕಿಲ್ಲ. ಹೆಂಡತಿ ಈಗ ವಾಸ ಇರುವ ಜಾಗದ ಕೋರ್ಟಿನಲ್ಲೇ ಹಾಕಬಹುದು. ಫ್ಯಾಮಿಲಿ ಕೋರ್ಟ್ ಇರುವ ಕಡೆ ಅಲ್ಲಿ, ಇಲ್ಲದ ಕಡೆ ಮ್ಯಾಜಿಸ್ಟ್ರೇಟ್ ಹತ್ತಿರ. ನಿಮ್ಮ ಹೆಸರಲ್ಲಿ ಒಂದು, ಮಗಳ ಪರವಾಗಿ ಒಂದು, ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿ. ಕೇಸು ಮುಗಿಯುವವರೆಗೂ ಕಾಯದೆ ಮಧ್ಯಂತರ ಜೀವನಾಂಶಕ್ಕೂ ಅರ್ಜಿ ಹಾಕಿ. ನೋಟಿಸ್ ಜಾರಿಯಾದ 60 ದಿನದೊಳಗೆ ಅದನ್ನು ತೀರ್ಮಾನ ಮಾಡಬೇಕು ಅಂತ ಕಾನೂನು ಹೇಳುತ್ತದೆ. ಎಷ್ಟೋ ಸಲ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ, ಅದು ಬೇರೆ ಮಾತು.

ಬೇಗ ಹಾಕಿ ಅಂತ ಒತ್ತಾಯ ಮಾಡುವುದಕ್ಕೆ ಕಾರಣ ಇದೆ. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು ಅಂತ ಹೇಳಿದೆ. ಆದೇಶ ಬರುವುದು ವರ್ಷದ ಮೇಲಾದರೂ ಲೆಕ್ಕ ಅರ್ಜಿಯ ದಿನದಿಂದಲೇ. ಆದರೆ ಅರ್ಜಿಗಿಂತ ಹಿಂದಿನ ಹತ್ತು ತಿಂಗಳು ಇದರಲ್ಲಿ ಬರುವುದಿಲ್ಲ. ಹಿರಿಯರ ಮಾತುಕತೆಗೆ ಕಾಯುತ್ತಾ ಕೂತ ಪ್ರತಿ ತಿಂಗಳೂ ಸುಮ್ನೆ ಕಳೆದುಹೋದ ಹಾಗೆ.

ಅದೇ ತೀರ್ಪಿನ ಪ್ರಕಾರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚಿನ ಅಫಿಡವಿಟ್ ಕೊಡಬೇಕು. ಬ್ಲೌಸ್ ಹೊಲಿಗೆಯ ಆದಾಯವನ್ನು ಮುಚ್ಚಿಡಬೇಡಿ. ಮೂರು ನಾಲ್ಕು ಸಾವಿರ ದುಡಿಯುತ್ತೀರಿ ಅಂತ ಜೀವನಾಂಶ ತಪ್ಪುವುದಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಗಂಡನ ಆದಾಯ ತೋರಿಸುವುದು ಹೇಗೆ? ಡೈವೋರ್ಸ್ ಕೇಸಲ್ಲಿ ಕಂಪನಿ ಕೆಲಸದವರು ಅಂತ ಬರೆದುಕೊಂಡವರು ಜೀವನಾಂಶದ ಅರ್ಜಿ ಬಂದ ಕೂಡಲೇ 'ಕೆಲಸ ಬಿಟ್ಟೆ' ಅನ್ನುವುದು ಕೋರ್ಟಿನಲ್ಲಿ ಹೊಸದೇನಲ್ಲ. ಸಂಬಳ ಬಂದ ಹಳೇ ಮೆಸೇಜು, ಸ್ಯಾಲರಿ ಸ್ಲಿಪ್ಪು, ಪಾಸ್‌ಬುಕ್ಕಿನ ಫೋಟೋ, ಬಾಡಿಗೆ ಕರಾರು, ಕಾರಿನ ಆರ್‌ಸಿ, ಮಗಳ ಶಾಲೆಯ ಫೀಸು ಕಟ್ಟಿದ ರಸೀದಿ, ಏನಿದೆಯೋ ಎಲ್ಲ ಹುಡುಕಿ. ಗಂಡನ ಹೆಸರಲ್ಲಿ ಊರಲ್ಲಿ ಜಮೀನಿದ್ದರೆ ಸರ್ವೆ ನಂಬರ್ ಸಾಕು, ಭೂಮಿ ವೆಬ್‌ಸೈಟಿನಲ್ಲಿ ಪಹಣಿ ಯಾರು ಬೇಕಾದರೂ ನೋಡಬಹುದು. ಸೈಟು, ಮನೆ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಕಂಪನಿಯಿಂದ ಸಂಬಳದ ವಿವರ ತರಿಸಿಕೊಡಿ ಅಂತ ಕೋರ್ಟಿಗೇ ಅರ್ಜಿ ಹಾಕಬಹುದು. ವಾಟ್ಸಾಪ್ ಮಾತುಕತೆ ಇರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಪ್ರಿಂಟಿನ ಜೊತೆ ಒಂದು ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ, ಅದನ್ನು ವಕೀಲರು ತಯಾರು ಮಾಡುತ್ತಾರೆ.

ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಕಾನೂನಿನಲ್ಲಿ ಲೆಕ್ಕದ ಸೂತ್ರ ಇಲ್ಲ. 2017ರ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಗಂಡನ ಕೈಗೆ ಸಿಗುವ ಸಂಬಳದ ಕಾಲು ಭಾಗ ಸರಿಯಾಗಬಹುದು ಅಂತ ಹೇಳಿತ್ತು. ವಕೀಲರು ಅದನ್ನು ಎತ್ತಿ ಹೇಳುತ್ತಾರೆ, ಆದರೆ ಅದು ಎಲ್ಲರಿಗೂ ಒಂದೇ ಅಳತೆ ಅಲ್ಲ. ಆದೇಶ ಆದ ಮೇಲೆ ಕೊಡದಿದ್ದರೆ ವಸೂಲಿಗೆ ವಾರಂಟ್ ಹೊರಡಿಸಬಹುದು, ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೂ ಕಳಿಸಬಹುದು. ಆದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ನೀವು ವಸೂಲಿ ಅರ್ಜಿ ಹಾಕಬೇಕು. ಇದನ್ನು ಮರೆತು ದುಡ್ಡು ಕಳೆದುಕೊಂಡವರು ಇದ್ದಾರೆ.

ಬೆಂಗಳೂರಿನ ಡೈವೋರ್ಸ್ ಕೇಸಿನ ಒಳಗೂ ಒಂದು ದಾರಿ ಇದೆ. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮಧ್ಯಂತರ ಜೀವನಾಂಶ ಮತ್ತು ಕೇಸಿನ ಖರ್ಚು ಎರಡನ್ನೂ ಗಂಡನಿಂದಲೇ ಕೇಳಬಹುದು. ಆದರೆ ಗಂಡ ಕೇಸ್ ವಾಪಸ್ ತಗೊಂಡರೆ ಮುಂದಿನ ತಿಂಗಳುಗಳಿಗೆ ಆ ಆದೇಶದ ಆಸರೆ ಇರಲ್ಲ. 144ರ ಆದೇಶ ಹಾಗಲ್ಲ, ಅದು ತನ್ನ ಕಾಲ ಮೇಲೆ ನಿಲ್ಲುತ್ತದೆ. ಎರಡೂ ಹಾಕಿ. ಒಂದು ಕಡೆ ಸಿಕ್ಕಿದ್ದನ್ನು ಇನ್ನೊಂದು ಕಡೆ ತಿಳಿಸಲೇಬೇಕು, ಕೋರ್ಟ್ ಹೊಂದಾಣಿಕೆ ಮಾಡುತ್ತದೆ.

ಪ್ರತಿ ವಾಯಿದೆಗೂ ಬೆಂಗಳೂರಿಗೆ ಓಡಾಡಲು ಆಗಲ್ಲ ಅಂದರೆ, ಕೇಸನ್ನು ನಿಮ್ಮ ಕಡೆಗೆ ವರ್ಗಾಯಿಸಿ ಅಂತ ಹೈಕೋರ್ಟಿಗೆ ಅರ್ಜಿ ಹಾಕಬಹುದು. ಮಗು ಚಿಕ್ಕದು, ಜೊತೆಗೆ ಬರುವವರಿಲ್ಲ, ಆದಾಯ ಇಲ್ಲ, ಇವನ್ನೆಲ್ಲ ನೋಡಿ ಹೆಂಗಸರ ಕಡೆಗೆ ವಾಲುವುದುಂಟು. ಶಕ್ತಿ ಯೋಜನೆಯಲ್ಲಿ ಬಸ್ ಟಿಕೆಟ್ ಇಲ್ಲದಿರಬಹುದು, ಆದರೆ ಮಗುವಿನ ಶಾಲೆ ತಪ್ಪಿಸಿ, ಹೊಲಿಗೆ ಬಿಟ್ಟು, ಇಡೀ ದಿನ ಕೋರ್ಟ್ ಕಾರಿಡಾರಲ್ಲಿ ಕೂರೋದು ಉಚಿತ ಅಲ್ಲ. ಅದನ್ನು ಅರ್ಜಿಯಲ್ಲಿ ಬಿಡಿಸಿ ಬರೆಸಿ. ಹೈಕೋರ್ಟಿಗೂ ಕಾನೂನು ಸೇವಾ ಸಮಿತಿ ಇದೆ, ಅಲ್ಲೂ ನಿಮಗೆ ವಕೀಲರು ಉಚಿತ. ವರ್ಗಾವಣೆ ಆಗುವವರೆಗೆ ಬೆಂಗಳೂರಿನ ವಾಯಿದೆ ತಪ್ಪಿಸಬೇಡಿ. ಮೊದಲ ವಾಯಿದೆಯ ಹೊತ್ತಿಗೆ ಪ್ಯಾನಲ್ ವಕೀಲರು ಇನ್ನೂ ನೇಮಕ ಆಗಿಲ್ಲದಿದ್ದರೆ ನೀವೇ ಹೋಗಿ. ಹೆಸರು ಕೂಗಿದಾಗ ಮುಂದೆ ನಿಂತು 'ಕಾನೂನು ನೆರವಿಗೆ ಅರ್ಜಿ ಕೊಟ್ಟಿದ್ದೇನೆ, ಸಮಯ ಕೊಡಿ' ಅಂತ ಕನ್ನಡದಲ್ಲೇ ಹೇಳಿ, ಸ್ವೀಕೃತಿ ತೋರಿಸಿ. ಫ್ಯಾಮಿಲಿ ಕೋರ್ಟಿನಲ್ಲಿ ವಕೀಲರಿಲ್ಲದೆ ತಾವೇ ಮಾತಾಡುವುದು ಸಹಜ.

ಊರ ಹಿರಿಯರ ಬಾಂಡ್ ಪೇಪರ್ ವಿಚಾರ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಬಾಂಡ್ ಪೇಪರ್ ಮೇಲೆ ಬರೆದು, ನೋಟರಿ ಸೀಲು ಒತ್ತಿದರೆ ಮದುವೆ ಮುರಿಯುವುದಿಲ್ಲ. ಸಮುದಾಯದ ಪದ್ಧತಿಯ ಬಿಡುಗಡೆಗೆ ಕಾಯ್ದೆಯಲ್ಲಿ ಜಾಗ ಇದೆ ನಿಜ, ಆದರೆ ಅಂಥ ಪದ್ಧತಿ ಹಿಂದಿನಿಂದ ಇತ್ತು ಅಂತ ಸಾಬೀತು ಮಾಡುವುದು ಭಾರಿ ಕಷ್ಟ. ಆ ಕಾಗದ ನಂಬಿ ನಾಳೆ ಇಬ್ಬರಲ್ಲಿ ಯಾರಾದರೂ ಮರುಮದುವೆಯಾದರೆ ಅದು ಮದುವೆಯೇ ಅಲ್ಲ. ಇನ್ನೊಂದು ಮಾತು, ಮಗಳ ಜೀವನಾಂಶ ಮಗಳ ಹಕ್ಕು. ಅದನ್ನು ಬಿಟ್ಟುಕೊಟ್ಟೆ ಅಂತ ನೀವು ಬರೆದುಕೊಡಲು ಬರುವುದಿಲ್ಲ.

ರಾಜಿ ಬೇಡ ಅನ್ನುತ್ತಿಲ್ಲ. ನನ್ನ ಕೇಳಿದರೆ ಇಂಥ ಕೇಸುಗಳು ರಾಜಿಯಲ್ಲಿ ಮುಗಿದರೇ ಒಳ್ಳೆಯದು, ಆದರೆ ಕೋರ್ಟಿನ ಒಳಗೆ. ಫ್ಯಾಮಿಲಿ ಕೋರ್ಟ್ ಹೇಗೂ ಮೊದಲು ರಾಜಿಗೆ ಪ್ರಯತ್ನ ಮಾಡುತ್ತದೆ, ಆಪ್ತಸಮಾಲೋಚಕರ ಹತ್ತಿರ ಅಥವಾ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ, ಅದನ್ನು ಸಾಕ್ಷಿಯಾಗಿ ಎತ್ತುವಂತಿಲ್ಲ. ಒಪ್ಪಂದವಾದರೆ ಇಬ್ಬರೂ ಒಪ್ಪಿ ಹಿಂದೂ ವಿವಾಹ ಕಾಯ್ದೆಯ 13-ಬಿ ಸೆಕ್ಷನ್ ಅಡಿ ಡೈವೋರ್ಸ್ ಕೇಳಬಹುದು. ಅದಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು ಕೋರ್ಟ್ ಸಂದರ್ಭ ನೋಡಿ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದುಡ್ಡನ್ನು ಡಿಡಿ ರೂಪದಲ್ಲಿ, ಕೋರ್ಟಿನಲ್ಲೇ, ಜಡ್ಜ್ ಮುಂದೆ ತಗೊಳ್ಳಿ. ಐದು ಲಕ್ಷ ಸಾಕಾ? ಮಗಳಿಗೆ ಹದಿನೆಂಟು ತುಂಬಲು ಇನ್ನೂ ಹನ್ನೆರಡು ವರ್ಷ ಇದೆ. ಇಬ್ಬರಿಗೂ ಸೇರಿ ತಿಂಗಳಿಗೆ ಸುಮಾರು ಮೂರೂವರೆ ಸಾವಿರ ಬೀಳುತ್ತದೆ. ನೀವೇ ಹೇಳಿ.

'ಕೇಸ್ ಜಡಿ' ಅನ್ನುವವರಿಗೆ ನಾನು ಹೇಳುವುದು: ಹೊಡೆದದ್ದು, ವರದಕ್ಷಿಣೆಗೆ ಪೀಡಿಸಿದ್ದು ನಿಜವಾದರೆ ದೂರು ಕೊಡುವುದು ನಿಮ್ಮ ಹಕ್ಕು. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕಿದ್ದ ಹಳೇ 498-ಎ ಈಗ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 85ನೇ ಸೆಕ್ಷನ್. ಆದರೆ ಚೌಕಾಸಿಗೆ ಅಂತ, ನಡೆಯದ್ದನ್ನು ಸೇರಿಸಿ, ಊರಲ್ಲಿರುವ ನಾದಿನಿಯ ಹೆಸರನ್ನೂ ತುರುಕಿ ಹಾಕಿದರೆ ನಿಮ್ಮ ನಿಜವಾದ ಎರಡು ಏಟೂ ಸುಳ್ಳಿನ ಲೆಕ್ಕಕ್ಕೆ ಹೋಗುತ್ತವೆ. ದೂರು ಕೊಟ್ಟ ಕೂಡಲೇ ಬಂಧನ ಅನ್ನುವ ಕಾಲವೂ ಹೋಯಿತು, ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನ ಮೇಲೆ, ಬಂಧಿಸುವುದಾದರೆ ಪೊಲೀಸರು ಕಾರಣ ಬರೆದಿಡಬೇಕು. ಅಲ್ಲದೆ ನಾಳೆ ರಾಜಿಯಾದರೂ ಈ ಕೇಸನ್ನು ನೀವು ಸುಮ್ನೆ ವಾಪಸ್ ತಗೊಳ್ಳಲು ಆಗಲ್ಲ, ರದ್ದು ಮಾಡಿಸಲು ಹೈಕೋರ್ಟಿಗೆ ಹೋಗಬೇಕು.

ನಿಮ್ಮಂಥವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಇದರಲ್ಲಿ ಗಂಡನನ್ನು ಜೈಲಿಗೆ ಹಾಕುವುದು ಗುರಿಯಲ್ಲ. ರಕ್ಷಣೆ, ಇರಲು ಮನೆ, ಖರ್ಚು, ಮಗುವಿನ ಸುಪರ್ದಿ ಎಲ್ಲ ಒಂದೇ ಅರ್ಜಿಯಲ್ಲಿ ಕೇಳಬಹುದು, ಅದೂ ನೀವಿರುವ ಊರಿನ ಮ್ಯಾಜಿಸ್ಟ್ರೇಟ್ ಹತ್ತಿರ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿ ನೋಡಿಕೊಳ್ಳುವ ಕಚೇರಿ ಅಂತ ಗೊತ್ತಿರುವವರಿಗೂ ಇದು ಗೊತ್ತಿರುವುದಿಲ್ಲ. ಅಲ್ಲಿ ನಡೆದದ್ದನ್ನು ಬರೆಸಿದರೆ ಅವರು ವರದಿ ಮಾಡಿ ಕೋರ್ಟಿಗೆ ಕಳಿಸುತ್ತಾರೆ. ಮತ್ತೆ ಹೊಡೆತ ಬೆದರಿಕೆ ಶುರುವಾದರೆ 181 ಅಥವಾ 112ಕ್ಕೆ ಫೋನ್ ಮಾಡಿ.

ಒಡವೆಯೂ ಇದೇ ಅರ್ಜಿಯಲ್ಲಿ ಬರುತ್ತದೆ. ತವರಿನವರು ಹಾಕಿದ್ದು, ಗಂಡನ ಮನೆಯವರು ನಿಮಗೆ ಅಂತ ಕೊಟ್ಟದ್ದು, ಮುಯ್ಯಲ್ಲಿ ನಿಮ್ಮ ಕೈಗೆ ಬಂದದ್ದು, ಎಲ್ಲವೂ ನಿಮ್ಮ ಸ್ತ್ರೀಧನ. ಅತ್ತೆಯ ಬೀರುವಿನಲ್ಲಿದೆ ಅಂದ ಮಾತ್ರಕ್ಕೆ ಅವರದಾಗುವುದಿಲ್ಲ. ಅದನ್ನು ವಾಪಸ್ ಕೊಡಿಸಲು ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಅಂಗಡಿ ಬಿಲ್ಲು ಇದ್ದರೆ ಸರಿ, ಇಲ್ಲದಿದ್ದರೆ ಮದುವೆ ಆಲ್ಬಮ್ ತೆಗೆಯಿರಿ. ಯಾವ ಫೋಟೋದಲ್ಲಿ ಯಾವ ಸರ, ಎಷ್ಟು ಗ್ರಾಂ, ಯಾರು ಕೊಟ್ಟರು ಅಂತ ಅಮ್ಮನ ಜೊತೆ ಕೂತು ಪಟ್ಟಿ ಮಾಡಿ. ಅಮ್ಮಂದಿರಿಗೆ ಈ ಲೆಕ್ಕ ಬಾಯಿಪಾಠ ಇರುತ್ತದೆ.

ಇದನ್ನು ಓದುವ ಬೇರೆ ಧರ್ಮದವರಿಗೂ ಒಂದು ಮಾತು. ಡೈವೋರ್ಸಿನ ಕಾಯ್ದೆ ಅವರವರಿಗೆ ಬೇರೆ ಬೇರೆ, ಆದರೆ 144ರ ಜೀವನಾಂಶ, ದೌರ್ಜನ್ಯ ತಡೆ ಕಾಯ್ದೆ, ಉಚಿತ ವಕೀಲರು, ಈ ಮೂರೂ ಎಲ್ಲರಿಗೂ ಒಂದೇ. ಮುಸ್ಲಿಂ ಹೆಣ್ಣುಮಕ್ಕಳಿಗೂ ಇದು ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೊಮ್ಮೆ ಹೇಳಿದೆ.

ಮಗಳ ಬಗ್ಗೆ. ಐದು ವರ್ಷದವರೆಗೆ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಆರಕ್ಕೆ ಬಂತು ಅಂದ ತಕ್ಷಣ ಅಪ್ಪನಿಗೆ ಹೋಗಿಬಿಡುತ್ತದೆ ಅಂತೇನಿಲ್ಲ. ಕೋರ್ಟ್ ನೋಡುವುದು ಮಗುವಿಗೆ ಯಾವುದು ಒಳ್ಳೆಯದು ಅನ್ನೋದನ್ನು. ಹತ್ತು ತಿಂಗಳಿಂದ ಯಾರು ನೋಡಿಕೊಂಡರು, ಶಾಲೆಗೆ ಹೋಗುತ್ತಿದ್ದಾಳಾ, ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ದವರು ಯಾರು, ಇವೇ ಅಲ್ಲಿ ಮುಖ್ಯ. ಆಸ್ಪತ್ರೆ ಚೀಟಿ, ಶಾಲೆಯ ಹಾಜರಿ, ಲಸಿಕೆ ಕಾರ್ಡು ಒಂದು ಕವರಲ್ಲಿ ಹಾಕಿಡಿ. ಅಪ್ಪ ಫೋನ್ ಮಾಡಿದರೆ ಮಗಳಿಗೆ ಕೊಡಿ, ನೋಡಲು ಬಂದರೆ ತಡೆಯಬೇಡಿ, ಮನೆಯಲ್ಲೋ ದೇವಸ್ಥಾನದಲ್ಲೋ ನಿಮ್ಮವರು ಇರುವ ಕಡೆ ಭೇಟಿ ಮಾಡಿಸಿ. ಅಪ್ಪನನ್ನು ಪೂರ್ತಿ ದೂರ ಇಟ್ಟ ತಾಯಿಯ ಬಗ್ಗೆ ಜಡ್ಜ್‌ಗೆ ಒಳ್ಳೆಯ ಅಭಿಪ್ರಾಯ ಬರುವುದಿಲ್ಲ. ಆದರೆ 'ಎರಡು ದಿನ ಬೆಂಗಳೂರಿಗೆ ಕರ್ಕೊಂಡು ಹೋಗ್ತೀನಿ' ಅಂದರೆ, ಕೋರ್ಟಿನಲ್ಲಿ ಭೇಟಿಯ ಏರ್ಪಾಡು ಆಗುವವರೆಗೆ ಒಪ್ಪಬೇಡಿ. ಮಗಳನ್ನು ನಿಮ್ಮೂರಿನ ಶಾಲೆಗೆ ಇನ್ನೂ ಸೇರಿಸಿಲ್ಲದಿದ್ದರೆ ಈ ವಾರವೇ ಸೇರಿಸಿ. ಹಳೇ ಶಾಲೆಯ ಟಿಸಿ ಬಂದಿಲ್ಲ ಅಂತ ಸರ್ಕಾರಿ ಅಥವಾ ಅನುದಾನಿತ ಶಾಲೆಯವರು ತಡ ಮಾಡುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ.